ಪಿಮ್ ಡಬ್ಬಿ ಮತ್ತು ಶ್ರೀನಾಥನ ಮೀಸೆ

೧

ನೊರೆಯಿರುವುದೆಲ್ಲ ಹಾಲಲ್ಲ ಎಂದು ದೊಡ್ಡವರು ಹೇಳಿದ್ದಾರೆ.

(ದೊಡ್ಡವರು ಹೇಳಿದ್ದು ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ. ನನಗೂ ಗೊತ್ತು. ಆದರೆ ಈ ಕಥೆಯಲ್ಲಿ ನೊರೆ ಜಾಸ್ತಿ. ಗಾದೆಗೋಸ್ಕರ ಕಥೆ ತಿದ್ದುವುದಕ್ಕಿಂತ ಕಥೆಗೋಸ್ಕರ ಗಾದೆ ತಿದ್ದುವುದು ಸಲೀಸು. ಗಾದೆ ಕಟ್ಟಿದವರು ಯಾರೂ ಬಾಗಿಲು ತಟ್ಟಿ ಕೇಳುವುದಿಲ್ಲ.)

ಇದು ನಡೆದ ಕಥೆ. ಬೇಕಾದರೆ ಸೋಮೇಶ್ವರನ ಮೇಲೆ ಆಣೆ ಇಡುತ್ತೇನೆ. ಆತನ ಗುಡಿಗೂ ನಮ್ಮ ಮನೆಗೂ ಎರಡೇ ಬೀದಿ. ಸುಳ್ಳು ಹೇಳಿದರೆ ನಡೆದುಕೊಂಡೇ ಬಂದು ವಿಚಾರಿಸಬಹುದು.

ಹೇಗೆ ಶುರು ಮಾಡಲಿ ಎಂಬುದೇ ತೊಂದರೆ. ಆರು ಸಲ ಶುರು ಮಾಡಿ ಬಿಟ್ಟಿದ್ದೇನೆ. ಮೊದಲನೆಯದು, "ಮುಂಜಾನೆಯ ಹೊಂಬಿಸಿಲು ಹೊರಮಾವಿನ ಅಪಾರ್ಟ್‌ಮೆಂಟುಗಳ ನೀರಿನ ಟ್ಯಾಂಕುಗಳ ಮೇಲೆ..." ಹೊಂಬಿಸಿಲಿಗೂ ಟ್ಯಾಂಕಿಗೂ ಜಾತಕ ಕೂಡಿ ಬರಲಿಲ್ಲ. ಎರಡನೆಯದು, "ಮನುಷ್ಯ ಮೊಟ್ಟಮೊದಲು ಗಡ್ಡ ಬೋಳಿಸಿಕೊಂಡದ್ದು ಯಾವಾಗ?" ಇದಕ್ಕೆ ಗೂಗಲ್ ನೋಡಬೇಕಾಯಿತು. ಅಲ್ಲಿ ಟ್ರಿಮ್ಮರ್ ಜಾಹೀರಾತು ಬಂತು. ಟ್ರಿಮ್ಮರ್ ಕೊಂಡೆ, ವಾಕ್ಯ ಮರೆತೆ. ಮೂರನೆಯದು ನೇರ ಪ್ರಶ್ನೆ: ನಾಲ್ಕು ಸಾವಿರದ ಎಂಟುನೂರು ರೂಪಾಯಿಯ ಶೇವಿಂಗ್ ಸೋಪು ಆ ಬೆಲೆಗೆ ತಕ್ಕದ್ದೇ? ಇದು ಚೆನ್ನಾಗಿತ್ತು. ಆದರೆ ಶುರುವಿನಲ್ಲೇ ಕೇಳಿಬಿಟ್ಟರೆ ಕೊನೆಯಲ್ಲಿ ಉತ್ತರ ಕೊಡಬೇಕಾಗುತ್ತದೆ, ಆ ಜವಾಬ್ದಾರಿ ನನಗೆ ಬೇಡ. ಉಳಿದ ಮೂರು ಶುರುಗಳನ್ನು ಹೇಳುವುದಿಲ್ಲ. ಬೇರೆ ಯಾವುದಾದರೂ ಕಥೆಗೆ ಆಗಿಬರಬಹುದು.

೨

ಶ್ರೀನಾಥ ನನ್ನ ಕಾಲೇಜಿನ ಗೆಳೆಯ, ಹೊರಮಾವಿನವನು. ಹೊರಮಾವಿನಲ್ಲಿ ಇರುವವರು ಬೇರೆ, ಹೊರಮಾವಿನವರು ಬೇರೆ. ವ್ಯತ್ಯಾಸ ಏನು ಅಂತ ಕೇಳಿದರೆ ಅರ್ಧ ಗಂಟೆ ಹೇಳುತ್ತಾನೆ. ಅವನಪ್ಪ ಮುನಿಆಂಜನಪ್ಪನವರು ರಾಗಿ, ದ್ರಾಕ್ಷಿ ಬೆಳೆದ ನೆಲದಲ್ಲಿ ಈಗ ನೂರಿಪ್ಪತ್ತು ಫ್ಲ್ಯಾಟುಗಳು ಎದ್ದಿವೆ, ಅವುಗಳಲ್ಲಿ ಒಂಬತ್ತು ಇವರವು. ಶ್ರೀನಾಥನಿಗೆ ಎರಡು ಕಸುಬು: ಬಾಡಿಗೆಯವರ ಗೀಸರ್ ರಿಪೇರಿ ಮಾಡಿಸುವುದು, ಗಡ್ಡ ಬೋಳಿಸಿಕೊಳ್ಳುವುದು. ಎರಡನೆಯದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

(ಇಲ್ಲಿಯವರೆಗೆ ಓದಿಸಿದ್ದಕ್ಕೆ ಶ್ರೀನಾಥನ ತಕರಾರು: ಒಂಬತ್ತಲ್ಲ, ಏಳು. ಎರಡು ತಂಗಿಯ ಹೆಸರಿನಲ್ಲಿವೆ. ಇರಲಿ, ಕಥೆಗೆ ಬಾಡಿಗೆ ಬರುವುದಿಲ್ಲ.)

"ಬೋಳಿಸಿಕೊಳ್ಳುವುದು" ಅಂದರೂ ಅವನಿಗೆ ಕೋಪ. ಅದು ವೆಟ್ ಶೇವಿಂಗ್. ಬ್ರಷ್ಷು ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನದು. (ಆ ಪ್ರಾಣಿಯನ್ನು ಅವನೂ ನೋಡಿಲ್ಲ, ನಾನೂ ನೋಡಿಲ್ಲ. ಹೆಗ್ಗಣವನ್ನು ಕಾನ್ವೆಂಟಿಗೆ ಸೇರಿಸಿದರೆ ಹಾಗೆ ಆಗಬಹುದು.) ಬಟ್ಟಲು ಪಿಂಗಾಣಿಯದು. ಸೋಪು ಇಂಗ್ಲೆಂಡಿನ 'ವಿದರ್ಸ್‌ಬಿ ಅಂಡ್ ಪಿಮ್'. ಮರದ ಡಬ್ಬಿ, ಒಳಗೆ ಸಂಡಿಗೆಯಷ್ಟಗಲದ ಬಿಳಿ ಬಿಲ್ಲೆ, ಬೆಲೆ ಆಗಲೇ ಬಾಯಿ ತಪ್ಪಿ ಹೇಳಿಬಿಟ್ಟಿದ್ದೇನೆ. ಅದನ್ನು ಹಚ್ಚಿಕೊಂಡು, ಕಣ್ಣು ಮುಚ್ಚಿ, "ಕುಷನ್ ನೋಡು ಗುರು, ಸ್ಲಿಕ್‌ನೆಸ್ ನೋಡು" ಅನ್ನುತ್ತಾನೆ. ಅವನ ಕೆನ್ನೆಯ ಅನುಭವವನ್ನು ನಾನು ಎಲ್ಲಿಂದ ನೋಡಲಿ? ವಾಸನೆಯಲ್ಲಿ ಮೊದಲು ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಹಣ್ಣು ಬರುತ್ತದಂತೆ, ಆಮೇಲೆ ಓಕ್ ಮರದ ಪಾಚಿ, ಕೊನೆಗೆ ಲೆದರ್. ಕೆ.ಆರ್.ಪುರದ ಬಸ್ಸಿನ ಕಂಡಕ್ಟರು ಸ್ಟಾಪು ಕೂಗಿದ ಹಾಗೆ ಹೇಳುತ್ತಾನೆ.

ಇನ್ನು ನಾನು. ಹೆಸರು ದೀಪು, ಊರು ಹಲಸೂರು, ಕೆಲಸ ಇಂದಿರಾನಗರದ ಒಂದು ಕಂಪನಿಯಲ್ಲಿ ಸಾಮಾನುಗಳಿಗೆ ವರ್ಣನೆ ಬರೆಯುವುದು. ಆನ್‌ಲೈನಿನಲ್ಲಿ ಕ್ಯಾಂಡಲ್ ಕೊಳ್ಳುವಾಗ "ಅಜ್ಜಿಯ ನೆನಪಿನಂತೆ ಮೆಲ್ಲಗೆ ಉರಿಯುತ್ತದೆ" ಅಂತ ಓದಿರುತ್ತೀರಲ್ಲ, ಆ ಪಾಪ ನನ್ನದು. (ಅಜ್ಜಿ ಉರಿಯುವುದು ಅಂದರೆ ಏನರ್ಥ ಅಂತ ನಮ್ಮ ಮ್ಯಾನೇಜರು ಕೇಳಲಿಲ್ಲ. ಸ್ಟಾಕ್ ಖಾಲಿಯಾಯಿತು.) ಆದ್ದರಿಂದ ಪಿಮ್ ಡಬ್ಬಿಯ ಒಳಗುಟ್ಟು ನನಗೆ ಗೊತ್ತು: ಸೋಪಿಗೆ ಮುನ್ನೂರು, ವಿಶೇಷಣಗಳಿಗೆ ನಾಲ್ಕೂವರೆ ಸಾವಿರ.

ಜೊತೆಗೆ ಒಂದು ಚಟವೂ ಇದೆ, ಮಿಮಿಕ್ರಿ. ಕುಕ್ಕರ್ ಮಾಡುತ್ತೇನೆ, ಮೆಟ್ರೋದಲ್ಲಿ ಸ್ಟೇಷನ್ ಹೆಸರು ಹೇಳುವ ಹೆಂಗಸನ್ನು ಮಾಡುತ್ತೇನೆ, ಓನರ್ ಮುಂದೆ ಬಾಡಿಗೆ ಜಾಸ್ತಿ ಮಾಡಬೇಡಿ ಅಂತ ಬೇಡಿಕೊಳ್ಳುವ ಐಟಿ ಹುಡುಗನನ್ನು ಮಾಡುತ್ತೇನೆ. ನನ್ನ ಸ್ವಂತ ದನಿಯನ್ನು ಮಾತ್ರ ಯಾರೂ ದುಡ್ಡು ಕೊಟ್ಟು ಕೇಳಿಲ್ಲ.

೩

ಒಂದು ಭಾನುವಾರ ಬೆಳಗ್ಗೆ ಶ್ರೀನಾಥನ ಮನೆಯಲ್ಲಿ ಮೂವರು ಕೂತಿದ್ದೆವು. ಮೂರನೆಯವನು ಭೀಮೇಶ. ಕೆ.ಆರ್.ಪುರದಲ್ಲಿ ಫ್ಲೆಕ್ಸ್ ಪ್ರಿಂಟ್ ಮಾಡುತ್ತಾನೆ, ಎದೆಯವರೆಗೆ ಗಡ್ಡ ಬಿಟ್ಟಿದ್ದಾನೆ, ಸೋಪಿನ ವಿಷಯದಲ್ಲಿ ಅವನಷ್ಟು ನಿಷ್ಪಕ್ಷಪಾತಿ ಇನ್ನೊಬ್ಬ ಸಿಗುವುದಿಲ್ಲ.

ನಾನು ಪಿಮ್ ಕಂಪನಿಯ ಮುದುಕನ ದನಿ ತೆಗೆದು, ಮೂಗಿನಲ್ಲಿ ಇಂಗ್ಲಿಷು ಆಡುತ್ತ, ನಮ್ಮ ತಾತನ ಕಾಲದಿಂದ ಕುರಿಯ ಕೊಬ್ಬಿಗೆ ನಾವು ಪಿಯಾನೊ ಕೇಳಿಸಿ ಆಮೇಲೆ ಸೋಪು ಮಾಡುತ್ತೇವೆ ಅಂತ ಬಿಡುತ್ತಿದ್ದೆ. ಭೀಮೇಶ ಹೊಟ್ಟೆ ಹಿಡಿದುಕೊಂಡಿದ್ದ. ಶ್ರೀನಾಥನಿಗೆ ರೇಗಿತು. ಕಣ್ಣು ಕಟ್ಟಿ ಪರೀಕ್ಷೆ ಮಾಡು, ಒಂದು ಕೆನ್ನೆಗೆ ನನ್ನ ಡಬ್ಬಿಯ ಪಿಮ್ ಹಚ್ಚು, ಇನ್ನೊಂದಕ್ಕೆ ನಿನ್ನ ಯಾವುದಾದರೂ ಬೀದಿ ಸೋಪು ಹಚ್ಚು, ಯಾವುದು ಯಾವುದು ಅಂತ ಹೇಳುತ್ತೇನೆ ಎಂದ. ಹೇಳದೇ ಹೋದರೆ ಅಂತ ಭೀಮೇಶ ಕೇಳಿದ.

"ಹೇಳ್ದೇ ಹೋದ್ರೆ ಮೀಸೆ ಬೋಳಿಸ್ಕೋತೀನಿ."

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಈ ಮಾತನ್ನು ನಮ್ಮಲ್ಲಿ ದಿನಕ್ಕೆ ಸಾವಿರ ಜನ ಹೇಳುತ್ತಾರೆ. ಮೀಸೆಯೇ ಇಲ್ಲದವರೂ ಹೇಳುತ್ತಾರೆ. ಆದರೆ ಮೊದಲನೆಯದಾಗಿ, ಶ್ರೀನಾಥ ಮಾತಿಗೆ ಕಟ್ಟುಬಿದ್ದವನು. ಕಾಲೇಜಿನಲ್ಲಿ ಒಂದು ಪಂದ್ಯ ಸೋತು, ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಿಂದ ಕಾಲೇಜಿನವರೆಗೆ ಹಿಮ್ಮುಖವಾಗಿ ನಡೆದು ಬಂದವನು. ಟ್ರಾಫಿಕ್ ಪೊಲೀಸರು ನಿಲ್ಲಿಸಿ ಕೇಳಿದ್ದಕ್ಕೆ, ಸಾರ್, ಮಾತು ಕೊಟ್ಟಿದ್ದೀನಿ ಅಂದಿದ್ದ. ಅವರು ಸೆಲ್ಯೂಟ್ ಹೊಡೆದಿದ್ದರು.

ಎರಡನೆಯದು, ಒಳಕೋಣೆಯಲ್ಲಿ ಮುನಿಆಂಜನಪ್ಪನವರು ಮಲಗಿದ್ದರು. ಹನ್ನೊಂದು ತಿಂಗಳ ಹಿಂದೆ ಅವರ ಎದೆಗೆ ಎರಡು ಸ್ಟೆಂಟು ಹಾಕಿದ್ದಾರೆ. ಅವರ ಮನೆತನದಲ್ಲಿ ಅಪ್ಪ ಬದುಕಿರುವಾಗ ಮಗ ಮೀಸೆ ತೆಗೆಯುವಂತಿಲ್ಲ. ಅಪ್ಪ ಹೋದ ಮೇಲೆ, ಕರ್ಮದ ದಿನ, ತೆಗೆಯುವುದು. ಮೀಸೆಯಿಲ್ಲದ ಗಂಡಸು ಬೀದಿಗೆ ಬಂದರೆ ಎದುರು ಸಿಕ್ಕವರು ಮೊದಲು ಕೇಳುವುದು, "ಯಾವಾಗ ಹೋದ್ರು?"

ಮೂರನೆಯದು, ಭೀಮೇಶ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಅಲ್ಲೇ ಕೂತು ಕಾಲೇಜಿನ ಗ್ರೂಪಿಗೂ ಹಾಕಿದ. ಅರವತ್ತಮೂರು ಜನರ ಗ್ರೂಪು. ಕಣ್ಣು ಮಿಟುಕಿಸುವುದರಲ್ಲಿ ಕತ್ತರಿಯ ಎಮೋಜಿಗಳು ಸಾಲುಗಟ್ಟಿದವು.

ಶ್ರೀನಾಥನ ತಾಯಿ ಬೈರಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಎಮೋಜಿ ಕಾಣಲಿಲ್ಲ, ಮಾತು ಕೇಳಿಸಿತು. ತಟ್ಟೆ ಇಟ್ಟು ಒಳಗೆ ಹೋದರು. ಆ ದಿನದ ಕಾಫಿಯಲ್ಲಿ ಸಕ್ಕರೆ ಇರಲಿಲ್ಲ. ನಾವು ಮೂವರೂ ಕೇಳದೆ ಕುಡಿದೆವು.

೪

ಬೀದಿ ಸೋಪು ಹುಡುಕಿಕೊಂಡು ಬುಧವಾರ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಫಹ್ಮಿದಾ ಅಕ್ಕನ ಅಂಗಡಿ ಇದೆ. ಕ್ಷೌರದವರಿಗೆ ಬೇಕಾದ ಬ್ಲೇಡು, ಕತ್ತರಿ, ಬಿಳಿ ಬಟ್ಟೆ, ಪೌಡರು ಎಲ್ಲ ಸಿಗುತ್ತದೆ. ನಾನು ದನಿ ಬದಲಾಯಿಸಿ, ಬೆನ್ಸನ್ ಟೌನಿನಲ್ಲಿ ಹೊಸ ಸಲೂನು ಇಡುತ್ತಿದ್ದೇನೆ ಅಂದೆ. ಆಕೆ ನನ್ನ ಕೈ ನೋಡಿದರು.

"ಕತ್ರಿ ಹಿಡಿದಿರೋ ಕೈ ಅಲ್ಲ ಭಾಯ್ ಇದು. ಫೋನ್ ಹಿಡಿದಿರೋ ಕೈ. ಏನ್ ಬೇಕು ಹೇಳಿ."

ಕೊಟ್ಟಿದ್ದು ಹುಂಜದ ಮಾರ್ಕಿನ ಬಿಳಿ ಬಿಲ್ಲೆ, ನಲವತ್ತು ರೂಪಾಯಿ. ಒಂದೇ ಸಾಕು ಅಂದಿದ್ದಕ್ಕೆ ಮುಖ ಸಣ್ಣದು ಮಾಡಿದರು. ಡಜನ್ ತಗೊಂಡರೆ ಮೂವತ್ತೈದರ ಹಾಗೆ ಬೀಳುತ್ತದೆ, ಆರು ತಿಂಗಳಿಂದ ಒಬ್ಬ ಸಾಹೇಬರು ಕಾರಿನಲ್ಲಿ ಬಂದು ಡಜನ್ ಒಯ್ಯುತ್ತಾರೆ ಎಂದರು. ಒಂದು ವಿಚಿತ್ರ ಅಂದರೆ ಹುಂಜದ ಕಾಗದವನ್ನೆಲ್ಲ ಅಂಗಡಿಯಲ್ಲೇ ಬಿಚ್ಚಿಸಿ, ಬರೀ ಬಿಲ್ಲೆ ತೆಗೆದುಕೊಂಡು ಹೋಗುತ್ತಾರಂತೆ. ಕಾಗದ ಮನೆಗೆ ಹೋಗಬಾರದಂತೆ.

ಪರಿಸರಪ್ರೇಮಿ ಇರಬೇಕು ಅಂದುಕೊಂಡೆ. (ನೀವು ಬೇರೆ ಏನೋ ಅಂದುಕೊಂಡಿರಿ. ದಯವಿಟ್ಟು ಅಲ್ಲೇ ಇಟ್ಟುಕೊಂಡಿರಿ. ಕಥೆ ಬರೆಯುವವನಿಗಿಂತ ಮೊದಲು ಓದುವವರಿಗೆ ತಿಳಿದುಬಿಡುವುದು ನನ್ನ ಎಲ್ಲ ಕಥೆಗಳ ದೋಷ.)

ಹೊರಡುವಾಗ ಅವರನ್ನೇ ಆ ಪ್ರಶ್ನೆ ಕೇಳಿದೆ. ನಲವತ್ತು ರೂಪಾಯಿ ಸೋಪಿಗೂ ನಾಲ್ಕು ಸಾವಿರದ ಎಂಟುನೂರರ ಸೋಪಿಗೂ ಏನು ಫರಕು?

"ಎರಡೂ ಮುಖದ ಮೇಲೆ ಎರಡು ನಿಮಿಷ ಇರುತ್ತೆ. ಆಮೇಲೆ ಮೋರಿಗೆ ಹೋಗುತ್ತೆ. ಮೋರಿಗೆ ಎಷ್ಟು ಖರ್ಚು ಮಾಡ್ಬೇಕು ಅನ್ನೋದು ಅವರವರ ಇಷ್ಟ."

ಇಲ್ಲಿಗೇ ಕಥೆ ಮುಗಿಸಬಹುದಿತ್ತು. ನನಗಿಂತ ಚೆನ್ನಾಗಿ ಮುಗಿಸಿದರು ಎಂಬ ಹೊಟ್ಟೆಕಿಚ್ಚಿಗೆ ಮುಂದುವರಿಸುತ್ತಿದ್ದೇನೆ.

೪ಕ್ಕೇ ಬಾಲಂಗೋಚಿ

ವಾಪಸು ಬರುವಾಗ ಬಸ್ಸಿನಲ್ಲಿ ಆ ಕುಚೇಷ್ಟೆ ಹೊಳೆಯಿತು. ಒಂದು ಬಟ್ಟಲಿಗೆ ಪಿಮ್, ಒಂದಕ್ಕೆ ಹುಂಜ ಹಾಕಿದರೆ ಶ್ರೀನಾಥ ಸುಮ್ಮನೆ ಊಹಿಸಿ ಹೇಳಿದರೂ ಅರ್ಧಕ್ಕರ್ಧ ಗೆಲ್ಲುತ್ತಾನೆ. ಎರಡೂ ಬಟ್ಟಲಿಗೆ ಹುಂಜವನ್ನೇ ಹಾಕಿದರೆ? ಎಡ ಅಂದರೂ ಸೋತ, ಬಲ ಅಂದರೂ ಸೋತ. ಬರ್ಗಮಾಟ್ ಬಂತು ಅಂತ ಯಾವ ಕೆನ್ನೆ ತೋರಿಸಿದರೂ ಅಲ್ಲಿ ಹುಂಜ ಕೂಗುತ್ತದೆ. ಅರವತ್ತಮೂರು ಜನ ವರ್ಷಗಟ್ಟಲೆ ನಗುತ್ತಾರೆ.

ಮೀಸೆಯ ನೆನಪು ಬಂತೋ ಇಲ್ಲವೋ ಅಂತ ಕೇಳಬೇಡಿ. ಬಂತು. ನಕ್ಕ ಮೇಲೆ ಮಾಫಿ ಮಾಡಿದರಾಯಿತು ಅಂದುಕೊಂಡೆ. ಹಿಮ್ಮುಖ ನಡೆದವನು ಮಾಫಿ ತೆಗೆದುಕೊಳ್ಳುವವನಲ್ಲ ಅಂತಲೂ ಗೊತ್ತಿತ್ತು. ಗೊತ್ತಿದ್ದೂ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ಸೀಟು ಬದಲಾಯಿಸಿದರು.

೫

ಶುಕ್ರವಾರ ಆಫೀಸಿಗೆ ಬೈರಮ್ಮನವರ ಫೋನು. ನಮ್ಮಮ್ಮನ ಮಂಡಿನೋವು ವಿಚಾರಿಸಿದರು, ಊಟ ಆಯಿತಾ ಅಂದರು, ಹಲಸೂರಿನಲ್ಲಿ ನೀರು ಬರುತ್ತಿದೆಯಾ ಅಂದರು. ಇಷ್ಟೆಲ್ಲ ಕೇಳಿದರೆ ಹಿಂದೆ ಏನೋ ಬರುತ್ತಿದೆ ಎಂದೇ ಅರ್ಥ.

"ಲೇ ದೀಪು, ಅವ್ನು ಸೋತ್ರೆ ತೆಗ್ದೇ ತೆಗೀತಾನೆ. ನಿಮ್ಮ ಅಂಕಲ್ಲು ಬೆಳಿಗ್ಗೆ ಎದ್ದು ಮಗನ ಮುಖ ನೋಡಿದ್ರೆ ಏನಾಗ್ಬೇಡ? ಯಾವ ಕೆನ್ನೇಗೆ ಅವನ ಸೋಪು ಹಾಕ್ತೀಯ ಅಂತ ನನಗೆ ಹೇಳು. ಎಡ ಆದ್ರೆ ಒಂದ್ಸಲ ಕೆಮ್ತೀನಿ, ಬಲ ಆದ್ರೆ ಎರಡ್ಸಲ."

ಇದನ್ನು ಶ್ರೀನಾಥನಿಗೆ ಹೇಳಿದ್ದೀರಾ ಅಂತ ಕೇಳಿದೆ.

"ಹೇಳಿದ್ರೆ ಒಪ್ತಾನೇನೋ ಅವ್ನು? ಹೆತ್ತೋಳ ಕೆಮ್ಮು ಅವನಿಗೆ ಗೊತ್ತಾಗುತ್ತೆ ಬಿಡು."

ಎಡವೂ ಇಲ್ಲ ಬಲವೂ ಇಲ್ಲ ಅಂತ ಹೇಳುವುದು ಹೇಗೆ? ನಾನು ಯಾರ ದನಿಯಲ್ಲಿ ಬೇಕಾದರೂ ಮಾತಾಡಬಲ್ಲೆ. ಆ ಕ್ಷಣ ಒಂದು ದನಿಯೂ ಬರಲಿಲ್ಲ. ಎಡ ಅಂದುಬಿಟ್ಟೆ.

೬

ಭಾನುವಾರ ಬಂತು. ಶ್ರೀನಾಥ ಹಾಲಿನ ನಡುವೆ ಕುರ್ಚಿ ಹಾಕಿಕೊಂಡು ಕೂತ. ಅವನಪ್ಪನ ಶಲ್ಯದಿಂದ ಕಣ್ಣು ಕಟ್ಟಿದೆವು. ಅವನು ಇಣುಕದಂತೆ ಭೀಮೇಶ ಪಕ್ಕದಲ್ಲಿ ಕಾವಲು ನಿಂತ, ಕೈಯಲ್ಲಿ ಫೋನು, ಜೇಬಿನಲ್ಲಿ ಹೊಸ ರೇಜರು. ಬೈರಮ್ಮ ದೇವರ ಗೂಡಿನ ಹತ್ತಿರ ಹೂ ಕಟ್ಟುವ ನೆಪದಲ್ಲಿ ಕೂತಿದ್ದರು. ನಾನು ಎರಡು ಬಟ್ಟಲು, ಎರಡು ಬ್ರಷ್ಷು, ಎರಡು ಸೋಪು ತಗೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಪಿಮ್ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ.

ಒಪ್ಪಿಕೊಳ್ಳುತ್ತೇನೆ, ಹುಂಜಕ್ಕೂ ಅದಕ್ಕೂ ಅಜಗಜಾಂತರ. ಮೊದಲು ಕಿತ್ತಳೆ ಸಿಪ್ಪೆ, ಆಮೇಲೆ ಒದ್ದೆ ಮರ, ಕೊನೆಗೆ ಹೊಸ ಚಪ್ಪಲಿ. ಒಂದರ ಹಿಂದೆ ಒಂದು, ಅವನು ಹೇಳಿದ ಕ್ರಮದಲ್ಲೇ ಬಂದವು. ವಿಶೇಷಣ ಬರೆದು ಬರೆದು ಮರಗಟ್ಟಿದ್ದ ನನ್ನ ಮೂಗು ಮೊದಲ ಸಲ ಗೌರವದಿಂದ ಎದ್ದು ನಿಂತಿತು. ಇದರಲ್ಲಿ ಏನೋ ಇದೆ ಕಣೋ ಅಂದುಕೊಂಡೆ.

ಎಡಗಡೆ ಬಟ್ಟಲಿಗೆ ಇದನ್ನೇ ಹಾಕಿಬಿಡಲೇ? ಬೈರಮ್ಮ ಒಂದು ಸಲ ಕೆಮ್ಮುತ್ತಾರೆ, ಮೀಸೆ ಉಳಿಯುತ್ತದೆ, ಎಲ್ಲರೂ ಇಡ್ಲಿ ತಿನ್ನುತ್ತಾರೆ. ಡಬ್ಬಿ ಹಿಡಿದು ನಿಂತೆ. ಹೊರಗಿನಿಂದ ಭೀಮೇಶ, ಗ್ರೂಪಿನಲ್ಲಿ ಮೂವತ್ತು ಜನ ಲೈವ್ ಕಾಯುತ್ತಿದ್ದಾರೆ, ಬೇಗ ಬಾ ಅಂತ ಕೂಗಿದ. ಮೂವತ್ತು ಜನ ಪ್ರೇಕ್ಷಕರು ಅಂದರೆ ನನ್ನಂಥವನಿಗೆ ಸಣ್ಣ ವಿಷಯವಲ್ಲ.

ಮುಚ್ಚಳ ಹಾಕಿದೆ. ಎರಡೂ ಬಟ್ಟಲಲ್ಲಿ ಹುಂಜವನ್ನೇ ಕಡೆದೆ.

೭. ಇಲ್ಲಿ ಕಥೆ ಎರಡು ಮೂರು ಸಲ ಮುಗಿದಿದೆ

ಒಂದನೆಯ ಮುಕ್ತಾಯ. ಬೈರಮ್ಮ ಕೆಮ್ಮಿದರು. ಶ್ರೀನಾಥ ಎಡ ಅಂದ. ನಾನು ಹುಂಜದ ಕಾಗದ ಎತ್ತಿ ಹಿಡಿದು ಕೊಕ್ಕೊಕ್ಕೋ ಎಂದು ಕೂಗಿದೆ. ಗ್ರೂಪು ಉರುಳಾಡಿ ನಕ್ಕಿತು. ಶ್ರೀನಾಥ ರೇಜರಿಗೆ ಕೈ ಚಾಚಿದ. ಇಷ್ಟು ಬರೆಯುವುದರೊಳಗೆ ಬೈರಮ್ಮ ಹೂವಿನ ಬುಟ್ಟಿ ಒದ್ದುಕೊಂಡು ಎದ್ದು ನೇರ ನನ್ನ ಟೇಬಲ್ಲಿನ ಹತ್ತಿರ ಬಂದರು. "ನನ್ನ ಕುಂಕುಮ ಒರೆಸಿ ನೀನು ಕಥೆ ಬರೀತೀಯೇನೋ? ಅಳಿಸು ಮೊದಲು." ಕಥೆಗಾರನ ಸ್ವಾತಂತ್ರ್ಯ ಅಂತ ಏನೋ ಹೇಳಲು ಹೋದೆ. ಕೈಯಲ್ಲಿ ಸೌಟಿತ್ತು. ಹೂ ಕಟ್ಟುತ್ತಿದ್ದವರ ಕೈಗೆ ಸೌಟು ಎಲ್ಲಿಂದ ಬಂತು ಅಂತ ನಾನು ಬರೆದಿರಲಿಲ್ಲ. ಅಳಿಸಿದೆ.

ಎರಡನೆಯ ಮುಕ್ತಾಯ. ಬೈರಮ್ಮ ಕೆಮ್ಮಿದರು. ಶ್ರೀನಾಥ ಎಡ ಅಂದ. ನಾನು ಬಾಯಿಗೆ ಬೀಗ ಹಾಕಿಕೊಂಡು ಸರಿ ಅಂದೆ. ಎಲ್ಲರೂ ಸುಖವಾಗಿದ್ದರು. ಇದಕ್ಕೆ ಶ್ರೀನಾಥನೇ ಬಂದು ಅಡ್ಡಗಾಲು ಹಾಕಿದ. ಅಮ್ಮ ಕೆಮ್ಮಿ ಗೆಲ್ಲಿಸಿದಳು ಅಂತ ಅಚ್ಚಾದರೆ ಮೀಸೆ ಇದ್ದೂ ಮುಖ ಇರುವುದಿಲ್ಲ ಗುರು, ಅಂದ. ಅದೂ ನ್ಯಾಯವೇ.

ಮೂರನೆಯದು ಸಾಹಿತ್ಯಪತ್ರಿಕೆಯವರಿಗೆ. ಶ್ರೀನಾಥ ಏನೂ ಹೇಳಲಿಲ್ಲ. ಒಂದೊಂದೇ ಗುಳ್ಳೆ ಒಡೆಯುತ್ತಿತ್ತು. ಪ್ರತಿ ಗುಳ್ಳೆಯಲ್ಲೂ ಒಂದೊಂದು ಹೊರಮಾವು. (ಇದನ್ನು ಓದಿ ಭೀಮೇಶ, ಫ್ಲೆಕ್ಸಿಗೆ ಹಾಕಿಸೋಣ, ಚದರಡಿಗೆ ಹನ್ನೆರಡು ರೂಪಾಯಿ ಅಂದ.)

೮. ನಡೆದದ್ದು

ಎಡಗೆನ್ನೆಗೆ ಒಂದು ಬಟ್ಟಲಿಂದ, ಬಲಗೆನ್ನೆಗೆ ಇನ್ನೊಂದರಿಂದ ನೊರೆ ಹಚ್ಚಿದೆ. ಮೀಸೆಗೆ ತಾಗದ ಹಾಗೆ ಹಚ್ಚಿದೆ. ಕೈ ತಾನಾಗಿಯೇ ಹುಷಾರಾಗಿತ್ತು.

ಬೈರಮ್ಮ ಒಂದು ಸಲ ಕೆಮ್ಮಿದರು.

ಶ್ರೀನಾಥ ಸುಮ್ಮನಿದ್ದ. ಕೇಳಿಸಲಿಲ್ಲವೇನೋ ಅಂತ ಬೈರಮ್ಮ ಇನ್ನೊಂದು ಸಲ ಕೆಮ್ಮಿದರು. ಕೆಮ್ಮಿದ ಮೇಲೆ ಗೊತ್ತಾಯಿತು, ಒಂದಕ್ಕೆ ಒಂದು ಸೇರಿ ಎರಡಾಯಿತು, ಎರಡು ಅಂದರೆ ಬಲ. ಗಾಬರಿಯಲ್ಲಿ, ಮೊದಲಿನದನ್ನೇ ಲೆಕ್ಕಕ್ಕೆ ತಗೋ ಅನ್ನುವ ಹಾಗೆ ಮೂರನೆಯ ಸಲ ಕೆಮ್ಮಿದರು. ಮೂರಕ್ಕೆ ಯಾವ ಕೆನ್ನೆಯೂ ಇರಲಿಲ್ಲ.

"ಅಮ್ಮಾ, ಸಾಕು," ಅಂದ ಶ್ರೀನಾಥ. "ಗಂಟಲು ನೋವು ಬರುತ್ತೆ."

ಶಲ್ಯದ ಕೆಳಗೆ ಅವನ ಮೂಗು ಎರಡು ಸಲ ಅರಳಿ ಸುಮ್ಮನಾಯಿತು. ನೊರೆ ಅಂಚಿನಲ್ಲಿ ಒಣಗತೊಡಗಿತು. ಏನೋ ಒಂದನ್ನು ಎತ್ತಿ ಇನ್ನೊಂದರ ಜೊತೆ ತೂಗುತ್ತಿದ್ದ. ಒಂದು ಅವನಪ್ಪ ಬದುಕಿರುವಾಗಲೇ ಹೋಗುವ ಮೀಸೆ ಅಂತ ನನಗೆ ಗೊತ್ತಿತ್ತು. ಇನ್ನೊಂದು ತಟ್ಟೆಯಲ್ಲಿ ಏನಿದೆ ಅಂತ ಗೊತ್ತಿರಲಿಲ್ಲ.

"ಎರಡೂ ಒಂದೇ," ಅಂದ.

ಅದು ಉತ್ತರವಲ್ಲ, ಎಡವೋ ಬಲವೋ ಹೇಳು ಅಂತ ಭೀಮೇಶ ಅಂದ.

"ಎರಡೂ ಒಂದೇ ಕಣೋ. ಎರಡೂ ಫಹ್ಮಿದಾ ಅಕ್ಕನ ಅಂಗಡೀದು, ಹುಂಜದ್ದು. ನಲವತ್ತು ರೂಪಾಯಿ. ಡಜನ್ ತಗೊಂಡ್ರೆ ಮೂವತ್ತೈದು."

ಭೀಮೇಶ ನನ್ನ ಕಡೆ ನೋಡಿದ. ಫೋನೂ ನನ್ನ ಕಡೆ ತಿರುಗಿತು. ನಾನು ಹುಂಜದ ಕಾಗದ ತೆಗೆದು ತೋರಿಸಿದೆ. ಕೂಗಲಿಲ್ಲ. ಗೆದ್ದ ಅಂದೆ. ಆದರೆ ಹೇಗೆ ಗೆದ್ದ? ಒಂದು ಬಟ್ಟಲಿನದು ಅವನ ಸ್ವಂತ ಡಬ್ಬಿಯದು ಅಂತ ತಾನೇ ಅವನು ನಂಬಿರಬೇಕು?

ಶಲ್ಯ ಬಿಚ್ಚಿ, ಎರಡೂ ಕೆನ್ನೆಯ ನೊರೆ ಹಾಗೇ ಇಟ್ಟುಕೊಂಡು ಹೇಳಿದ. ನಾನು ಅವನ ಮಾತಿನಲ್ಲಿ ಅಲ್ಪವಿರಾಮ ಮಾತ್ರ ಸೇರಿಸಿದ್ದೇನೆ.

ಅಪ್ಪ ಆಸ್ಪತ್ರೆಯಿಂದ ಬಂದಾಗ ರಕ್ತ ತೆಳ್ಳಗೆ ಮಾಡುವ ಮಾತ್ರೆ ಕೊಟ್ಟಿದ್ದರು. ಚಿಕ್ಕ ಗೀರು ಬಿದ್ದರೂ ರಕ್ತ ನಿಲ್ಲುವುದಿಲ್ಲ ಅಂತ ಹೆದರಿಸಿ ಕಳಿಸಿದ್ದರು. ಅಪ್ಪನಿಗೆ ಕೈ ನಡುಕ. ಬೀದಿಯ ಕೊನೆಯ ಸಲೂನಿನವನು ವಿಷಯ ಕೇಳಿ, ಬೇಡಿ ಅಣ್ಣ, ನನ್ನ ಕೈಯಲ್ಲಿ ಆಗಲ್ಲ ಅಂದುಬಿಟ್ಟ. ಟ್ರಿಮ್ಮರ್ ಹಾಕಲು ಹೋದರೆ, ಕುರಿ ಉಣ್ಣೆ ಕತ್ತರಿಸೋ ಮಿಷನ್ನು ನನಗ್ಯಾಕೋ ಅಂತ ಅಪ್ಪ ಮುಖ ತಿರುಗಿಸಿದ. ಕೊನೆಗೆ ಮಗನೇ ಕೂತ. ಮನೆಯಲ್ಲಿದ್ದುದರಲ್ಲಿ ಯಾವುದು ಹೆಚ್ಚು ಜಾರುತ್ತದೋ ಅದನ್ನು ಹಚ್ಚಿದ. ದಿನ ಬಿಟ್ಟು ದಿನ. ಅಪ್ಪನಿಗೆ ಮಾತ್ರ ಬೆಲೆ ಹೇಳಲಿಲ್ಲ. ಹೇಳಿದ್ದರೆ ಮೂರನೆಯ ಸ್ಟೆಂಟು ಬೇಕಾಗುತ್ತಿತ್ತು. ನಲವತ್ತು ರೂಪಾಯಿಯದು ಅಂದ. ಐದು ತಿಂಗಳಲ್ಲಿ ಡಬ್ಬಿಯ ತಳ ಕಂಡಿತು, ಒಂದೂ ಗೀರು ಬೀಳಲಿಲ್ಲ.

ಹೊಸ ಪಿಮ್ ತರಿಸಿದ. ಹಡಗು ಲೇಟಾಯಿತು. ಈ ನಡುವೆ ಶಿವಾಜಿನಗರದಿಂದ ಹುಂಜ ತಂದು ಮೊದಲು ತನಗೆ, ಆಮೇಲೆ ಅಪ್ಪನಿಗೆ ಹಚ್ಚಿದ. ಆಗಲೂ ಗೀರು ಬೀಳಲಿಲ್ಲ. ಆರ್ಡರ್ ಕ್ಯಾನ್ಸಲ್ ಮಾಡಿದ. ಆದರೆ ಮರದ ಡಬ್ಬಿ ಖಾಲಿ ಕೂತಿತ್ತು, ಭಾನುವಾರ ನಾವು ಬರುತ್ತಿದ್ದೆವು, ಇಷ್ಟು ವರ್ಷ ಕುಷನ್ನು ಸ್ಲಿಕ್‌ನೆಸ್ಸು ಅಂತ ಬಡಾಯಿ ಕೊಚ್ಚಿಯಾಗಿತ್ತು. ಹುಂಜವನ್ನು ಕರಗಿಸಿ ಡಬ್ಬಿಗೆ ಹುಯ್ದ. ಬಿಸ್ಕತ್ತಿನ ಡಬ್ಬಿಯಲ್ಲಿ ಅವನಮ್ಮ ಸೂಜಿ ದಾರ ಇಟ್ಟ ಹಾಗೆ.

"ಮೂರನೇ ದಿನದಿಂದ ನನಗೇ ಬರ್ಗಮಾಟ್ ಬರೋಕೆ ಶುರುವಾಯ್ತು ಮಗಾ."

ಅಂದರೆ ನಾನು ಅಡುಗೆಮನೆಯಲ್ಲಿ ಮೂಸಿದ ಕಿತ್ತಳೆ ಸಿಪ್ಪೆ? ಒದ್ದೆ ಮರ? ಹೊಸ ಚಪ್ಪಲಿ? ನನ್ನ ಮೂಗು ಎದ್ದು ನಿಂತು ಗೌರವ ಸಲ್ಲಿಸಿದ್ದು ಯಾರಿಗೆ?

(ಇದನ್ನು ಆ ಹೊತ್ತು ನಾನು ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ನಮ್ಮ ನಡುವೆಯೇ ಇರಲಿ.)

ಇನ್ನೊಂದು ಗಣಿತ ನೋಡಿ. ನಾನು ಮೋಸ ಮಾಡದೆ, ಅವನ ಡಬ್ಬಿಯಿಂದ ಒಂದು, ನನ್ನ ಬಿಲ್ಲೆಯಿಂದ ಒಂದು ಅಂತ ಪ್ರಾಮಾಣಿಕವಾಗಿ ಹಚ್ಚಿದ್ದರೆ, ಎರಡೂ ಒಂದೇ ಅನ್ನುವ ಅವನ ನಿಜವನ್ನು ನಾನು ಸುಳ್ಳು ಅನ್ನುತ್ತಿದ್ದೆ. ನಾನು ಮೋಸ ಮಾಡಿದ್ದರಿಂದ ಅವನು ನಿಜ ಹೇಳಿ ಗೆದ್ದ. ಇದರಿಂದ ಯಾವ ನೀತಿಯೂ ಹೊರಡುವುದಿಲ್ಲ, ಹೊರಡಿಸಲು ಪ್ರಯತ್ನಿಸಿ ಬೆವರಿದ್ದೇನೆ.

ಹಾಗಾದರೆ ಪಿಮ್ಮು ಆ ದುಡ್ಡಿಗೆ ದಂಡವೇ ಅಂತ ಭೀಮೇಶ ಕೇಳಿದ. ಶ್ರೀನಾಥ ನೊರೆಯ ಮೇಲೆ ಬೆರಳಾಡಿಸುತ್ತ ಯೋಚಿಸಿದ.

"ಅಪ್ಪನ ಕೆನ್ನೆ ಮೇಲೆ ಮೊದ್ಲು ಬ್ಲೇಡ್ ಇಟ್ಟಾಗ ನನ್ ಕೈ ನಡುಗ್ಲಿಲ್ಲ ಗುರು. ಅದು ಸೋಪಿಂದನೋ ರೇಟಿಂದನೋ ಗೊತ್ತಿಲ್ಲ."

ನನಗೂ ಗೊತ್ತಿಲ್ಲ. ವಿಶೇಷಣಗಳನ್ನು ಮಾರಿ ಹೊಟ್ಟೆ ಹೊರೆಯುವವನು ಇದಕ್ಕೆ ಉತ್ತರ ಹೇಳಬಾರದು, ಕಂಪನಿಯ ನಿಯಮವಿದೆ.

ಬೈರಮ್ಮ ಗೂಡಿನ ಹತ್ತಿರದಿಂದ, ಹಂಗಾದರೆ ಮೀಸೆ, ಅಂತ ಕೇಳಿದರು. ಮೀಸೆ ಹಾಗೇ ಇರುತ್ತದಮ್ಮ ಅಂದೆ. ನನ್ನನ್ನು ಒಂದು ಸಲ ನೋಡಿದರು. ಎಡ ಅಂದಿದ್ದೆಯಲ್ಲೋ ಅನ್ನುವ ಆ ನೋಟವನ್ನು ಯಾರಿಗಾದರೂ ಮಿಮಿಕ್ರಿ ಮಾಡಲು ಬಂದರೆ ನನಗೆ ತಿಳಿಸಿ. ನಾನು ಅಭ್ಯಾಸ ಮಾಡುತ್ತಲೇ ಇದ್ದೇನೆ.

೯

ಇಲ್ಲಿ ಒಂದು ಒಳ್ಳೆಯ ಮುಕ್ತಾಯ ಇಡಬಹುದು ಅಂತ ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಮುನಿಆಂಜನಪ್ಪನವರು ಗೋಡೆ ಹಿಡಿದುಕೊಂಡು ಬಂದು ನಿಂತರು. ನುಣ್ಣಗಿನ ಕೆನ್ನೆ, ಬಿಳಿ ಮೀಸೆ. ಎಲ್ಲ ಕೇಳಿಸಿಕೊಂಡಿದ್ದರು.

ಮಗನ ಎರಡು ಬಿಳಿ ಕೆನ್ನೆ ನೋಡಿದರು. ಆ ಸೋಪು ಎಷ್ಟಾಯಿತು ಅಂದರು. ಬೈರಮ್ಮ ಅವರಿಗೆ ಕುರ್ಚಿ ಎಳೆದು ಹಾಕಿದರು. ಭೀಮೇಶ ಫೋನು ಜೇಬಿಗಿಟ್ಟ. ಅದು ಇನ್ನೂ ಲೈವ್ ಇತ್ತು ಅಂತ ಆಮೇಲೆ ತಿಳಿಯಿತು. ಕೊನೆಗೆ ಶ್ರೀನಾಥನೇ ಹೇಳಿದ. ನಾಲ್ಕು ಸಾವಿರದ ಎಂಟುನೂರು.

ಅವರು ಕುರ್ಚಿಯಲ್ಲಿ ಕೂತರು. ಕೈ ನಿಧಾನವಾಗಿ ಎದೆಯ ಮೇಲೆ ಹೋಯಿತು. ಬೈರಮ್ಮನಿಗೆ ಈ ಸಲ ನಿಜವಾಗಿಯೇ ಕೆಮ್ಮು ಬಂತು. ಆ ಕೈ ಎದೆಯ ಜೇಬಿನಿಂದ ಕನ್ನಡಕ ತೆಗೆಯಿತು, ಮೂಗಿಗೆ ಏರಿಸಿತು. ಪಿಮ್ ಡಬ್ಬಿಯನ್ನು ಹತ್ತಿರ ತರಿಸಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಅದಕ್ಕೇ ನೋಡು," ಅಂದರು. "ಮೊದಮೊದಲು ಒಂಥರಾ ನಾತ ಹೊಡೀತಿತ್ತು. ಪಾಪ, ಮಗ ಅಷ್ಟು ಕಷ್ಟಪಡ್ತಾನಲ್ಲ, ಹೇಳೋದು ಬೇಡ ಅಂತ ಸುಮ್ನಿದ್ದೆ. ಆಮೇಲೆ ಒಳ್ಳೇ ಸೋಪು ತಂದ."

ಭೀಮೇಶ ಗಡ್ಡದೊಳಗೆ ನಕ್ಕ. ಬೈರಮ್ಮ ಸೆರಗಿನೊಳಗೆ ನಕ್ಕರು. ಜೇಬಿನ ಫೋನಿನೊಳಗೆ ಮೂವತ್ತು ಜನ ನಕ್ಕರು. ನಾನು ಯಾರ ದನಿಯಲ್ಲಿ ನಗಲಿ ಅಂತ ಹುಡುಕುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಶ್ರೀನಾಥ. ಕುರ್ಚಿ ಅಲ್ಲಾಡುವ ಹಾಗೆ, ಮೀಸೆಯ ಎರಡು ತುದಿಯೂ ಕುಣಿಯುವ ಹಾಗೆ, ಒಣಗಿದ ನೊರೆ ಬಿರುಕು ಬಿಟ್ಟು ಚೂರು ಚೂರಾಗಿ ಹಾರುವ ಹಾಗೆ. ಒಂದು ಚೂರು ಬಂದು ನನ್ನ ಮೂಗಿನ ತುದಿಗೆ ಅಂಟಿತು. ಒರೆಸಿಕೊಳ್ಳಲು ಕೈ ಎತ್ತಿದೆ. ಆಣೆ ಇಟ್ಟು ಹೇಳುತ್ತೇನೆ ಓದುಗರೇ, ಮೊದಲು ಕಿತ್ತಳೆ ಸಿಪ್ಪೆ ಬಂತು, ಆಮೇಲೆ ಒದ್ದೆ ಮರ, ಇನ್ನೇನು ಹೊಸ ಚಪ್ಪಲಿ ಬರಬೇಕು, ಅವನು ನನ್ನ ಮುಖ ನೋಡಿ, ನನ್ನ ಮೂಗು ಅರಳಿದ್ದು ನೋಡಿ, ಮತ್ತೆ ಮೊದಲಿನಿಂದ ನಗಲು ಶುರು ಮಾಡಿದ.